ಸುಣ್ಣ ಬಳಿದ ಚಿಮಟ

ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಮುಂದಿನ ಗಾಲಿ ಸೈಕಲ್ಲನ್ನು ಬಿಟ್ಟು ಹೋಯಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಫೋನು ಇತ್ತು, ಫೋನಿನಲ್ಲಿ ವಿಡಿಯೋ ಓಡುತ್ತಿತ್ತು. ರಾಣೇಬೆನ್ನೂರಿನಿಂದ ಹಲಗೇರಿಗೆ ಹೋಗುವ ರಸ್ತೆ. ಊರು ದಾಟಿದ ಮೇಲೆ ಒಂದು ಸಣ್ಣ ಇಳಿಜಾರು ಸಿಗುತ್ತದೆ. ಇಳಿಜಾರಿನ ನೆತ್ತಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನಾನು ನಿಂತಿದ್ದೆ. ಕೆಳಗೆ, ಸೈಕಲ್ಲಿನ ಮೇಲೆ, ಅದನ್ನು ಐದು ತಿಂಗಳು ಕೂತು ರಿಪೇರಿ ಮಾಡಿದ್ದ ಎಪ್ಪತ್ತೆರಡು ವರ್ಷದ ಮಿಸ್ತ್ರಿ ಇದ್ದರು. ನಾನು ಅವರನ್ನು ಚಾಚಾ ಎನ್ನುತ್ತೇನೆ.

ವಿಡಿಯೋದ ಮೊದಲ ಹದಿನಾರು ಸೆಕೆಂಡು ಚಂದ ಇದೆ. ಕಪ್ಪು ಸೈಕಲ್ಲು ಎಳೆಬಿಸಿಲಿಗೆ ಮಿಂಚುತ್ತದೆ. ಚಾಚಾ ಹಿಂದಿರುಗಿ ನೋಡದೆ ಒಂದು ಕೈ ಎತ್ತಿ ಬೀಸುತ್ತಾರೆ, ಎರಡು ಸಲ ಗಂಟೆ ಬಾರಿಸುತ್ತಾರೆ. ಹದಿನೇಳನೆಯ ಸೆಕೆಂಡಿಗೆ ಹ್ಯಾಂಡಲ್ಲು ಅವರ ಕೈಯಲ್ಲೇ ಉಳಿಯುತ್ತದೆ, ಗಾಲಿ ಕಳಚಿಕೊಂಡು ರಸ್ತೆಯ ಎಡಕ್ಕೆ ಹಾರುತ್ತದೆ, ಸೈಕಲ್ಲು ಮುಗ್ಗರಿಸಿದ ಎತ್ತಿನ ಹಾಗೆ ಮೂತಿ ಊರುತ್ತದೆ. ಆಮೇಲೆ ವಿಡಿಯೋದಲ್ಲಿ ಇರುವುದು ನನ್ನ ಚಪ್ಪಲಿ, ಡಾಂಬರು, ಆಕಾಶ, ಮತ್ತು ಬ್ರೇಕು ಹಿಡಿದ ಟ್ರ್ಯಾಕ್ಟರಿನ ಕಿರುಚಾಟ.

ಎದುರಿನಿಂದ ಗೋವಿನಜೋಳದ ಚೀಲ ಹೇರಿಕೊಂಡು ಒಂದು ಟ್ರ್ಯಾಕ್ಟರ್ ಬರುತ್ತಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಅದು ನಿಂತಿತ್ತು. ಚಾಚಾರ ಬಿಳಿ ಟೋಪಿ ಟ್ರ್ಯಾಕ್ಟರಿನ ಮುಂದಿನ ಗಾಲಿಯ ಕೆಳಗಿತ್ತು. ಚಾಚಾರ ತಲೆ ಟೋಪಿಯಿಂದ ಒಂದು ಗೇಣು ಈಚೆ ಇತ್ತು.

ಓದುವವರನ್ನು ಕಾಯಿಸುವುದಿಲ್ಲ. ಅವರು ಬದುಕಿದ್ದಾರೆ. ನಿನ್ನೆ ಸಂಜೆಯೂ ಫೋನಿನಲ್ಲಿ ನನ್ನನ್ನು ಬೈದಿದ್ದಾರೆ. ಆದರೆ ಆ ಒಂದು ಗೇಣನ್ನು ನಾನು ಎಷ್ಟು ಸಲ ಅಳೆದಿದ್ದೇನೆಂದು ನನಗೇ ಲೆಕ್ಕವಿಲ್ಲ. ಊಟಕ್ಕೆ ಕೂತಾಗ ತಟ್ಟೆಗೂ ಲೋಟಕ್ಕೂ ನಡುವೆ ಗೇಣಿಟ್ಟು ನೋಡಿದ್ದೇನೆ. ಅಷ್ಟೇ ಜಾಗ.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಹಳೆಯ ಸೈಕಲ್ಲುಗಳ ಹುಚ್ಚು ಹಿಡಿದು ಏಳು ವರ್ಷವಾಯಿತು. ಮನೆಯ ಪಡಸಾಲೆಯಲ್ಲಿ ಎರಡು, ಹಿತ್ತಲಲ್ಲಿ ಒಂದು, ಮಲಗುವ ಕೋಣೆಯ ಬಾಗಿಲ ಹಿಂದೆ ಒಂದರ ಬರೀ ಅಸ್ಥಿಪಂಜರ. "ಬಂದವ್ರು ಟೋಕನ್ ಕೇಳಾಕತ್ತಾರ, ಸೈಕಲ್ ಸ್ಟ್ಯಾಂಡ್ ಅಂತ ತಿಳಕೊಂಡು" ಎಂದು ಹೆಂಡತಿ ಹಂಗಿಸುತ್ತಾಳೆ.

ಈ ಹುಚ್ಚಿನಲ್ಲಿ ಸವಾರಿಗಿಂತ ದೊಡ್ಡ ಸುಖವೆಂದರೆ ಸೈಕಲ್ಲಿನ ವಯಸ್ಸು ಪತ್ತೆ ಹಚ್ಚುವುದು. ಹಳೆಯ ವಿಲಾಯತಿ ಸೈಕಲ್ಲಿಗೆ ಸೀಟಿನ ಕೆಳಗೆ ಒಂದು ನಂಬರು ಒತ್ತಿರುತ್ತಾರೆ. ಎಂಟು ಹತ್ತು ಸಲ ಬಳಿದ ಬಣ್ಣದ ಅಡಿಯಲ್ಲಿ ಅದು ಹೂತುಹೋಗಿರುತ್ತದೆ. ಮೆಲ್ಲಗೆ ಕೆರೆದು, ಬಳಪದ ಪುಡಿ ತಿಕ್ಕಿ, ಅಡ್ಡಬೆಳಕಿಗೆ ಹಿಡಿದರೆ ಅಂಕಿಗಳು ಒಂದೊಂದಾಗಿ ಮೇಲೆ ಬರುತ್ತವೆ. ಕೆಲವು ಸೈಕಲ್ಲುಗಳ ಹಿಂದಿನ ಗಾಲಿಯ ನಡುಗುಂಬದ, ಅಂದರೆ ಹಬ್ಬಿನ, ಮೇಲೆ ಇಸವಿಯ ಕೊನೆಯ ಎರಡಂಕಿ ಇರುತ್ತದೆ. ಮಡ್‌ಗಾರ್ಡಿನ ಬಾಗು, ಪೆಡಲ್ಲಿನ ರಬ್ಬರು, ಬ್ರೇಕಿನ ಕಡ್ಡಿಗಳ ದಪ್ಪ, ಎಲ್ಲವೂ ಸಾಕ್ಷಿ ಹೇಳುತ್ತವೆ. ಎಲ್ಲವೂ ಸುಳ್ಳನ್ನೂ ಹೇಳಬಲ್ಲವು. ಎಂಬತ್ತು ವರ್ಷ ದುಡಿದ ಸೈಕಲ್ಲಿಗೆ ಯಾವ ಯಾವ ಊರಿನ ಯಾವ ಯಾವ ಮಿಸ್ತ್ರಿ ಯಾವ ಕಾಲದ ಸಾಮಾನು ಹಾಕಿರುತ್ತಾನೋ ಯಾರು ಬಲ್ಲರು. ಆದ್ದರಿಂದ ನಮ್ಮಂಥ ಹುಚ್ಚರ ನಡುವೆ ಒಂದು ಮಾತು ಉಂಟು: ಹುಟ್ಟಿದಾಗಿನ ಎಲ್ಲ ಅಂಗಗಳೂ ಉಳಿದಿರುವ ಸೈಕಲ್ಲೇ ಸೈಕಲ್ಲು, ಉಳಿದವು ಕಲಬೆರಕೆ. ಈ ಮಾತನ್ನು ನಾನು ಬಹಳ ನಂಬಿದ್ದೆ.

ಆ ಕಪ್ಪು ಸೈಕಲ್ಲು ಸಿಕ್ಕಿದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ಒಬ್ಬ ಹಿರಿಯರು ಅದರ ಮೇಲೆ ಪೇಟೆಗೆ ಹೋಗಿ ಬರುತ್ತಿದ್ದರಂತೆ. ಅವರು ಹೋಗಿ ಬಹಳ ವರ್ಷವಾಗಿದೆ. ಈಗ ಮನೆಯಲ್ಲಿ ಅವರ ಮಗಳಿದ್ದಾರೆ. ಶಾಲಾ ಶಿಕ್ಷಕಿಯಾಗಿ ನಿವೃತ್ತರಾದವರು, ಊರಿಗೆಲ್ಲ ಅಕ್ಕಾರು, ಮಾತಿನಲ್ಲಿ ಇನ್ನೂ ಬೆತ್ತ ಇದೆ. ನಾನು ಮೊದಲ ಸಲ ಹೋದಾಗ ಅಂಗಳದಲ್ಲಿ ಮೆಣಸಿನಕಾಯಿ ರಾಶಿ ಹಾಕಿಕೊಂಡು ಓಣಿಯ ನಾಲ್ಕಾರು ಹೆಂಗಸರ ಜೊತೆ ತೊಟ್ಟು ಮುರಿಯುತ್ತ ಕೂತಿದ್ದರು. ನನಗೆ ಸೀನು ಶುರುವಾಯಿತು. ಹತ್ತಾದರೂ ನಿಲ್ಲಲಿಲ್ಲ.

"ಕುಂದ್ರಿ, ಕುಂದ್ರಿ. ಸೀನೂದು ಮುಗೀಲಿ, ಆಮ್ಯಾಲೆ ಮಾತಾಡೂಣು" ಎಂದರು ಅಕ್ಕಾರು. "ಹಾವೇರಿ ಮಂದಿ ನೀವು, ಇಷ್ಟ ಸನೇದಾಗ ಇದ್ದೂ ಮೆಣಸಿನಕಾಯಿ ತಡಕೊಳ್ಳಂಗಿಲ್ಲಲ್ಲ!"

ಹೆಂಗಸರು ನಕ್ಕರು. ನಾನು ಮತ್ತೆ ಸೀನಿದೆ. ಸೈಕಲ್ಲು ಕೊಡಲು ಅಕ್ಕಾರು ಹಿಂದೆಮುಂದೆ ನೋಡಲಿಲ್ಲ. ಓಡುವ ಹಾಗಾದ ಮೇಲೆ ಒಮ್ಮೆ ತಂದು ತೋರಿಸಬೇಕು ಎಂದಷ್ಟೇ ಕೇಳಿದರು.

ಹಬ್ಬಿನ ಮೇಲೆ ಮೂವತ್ತೆಂಟು ಎಂದಿತ್ತು. ಸ್ವಾತಂತ್ರ್ಯಕ್ಕಿಂತ ಒಂಬತ್ತು ವರ್ಷ ಹಿರಿಯ. ಸೀಟಿನ ಕೆಳಗಿನ ನಂಬರೂ ಅದಕ್ಕೆ ಹೊಂದುತ್ತಿತ್ತು. ಗಾಲಿ, ಪೆಡಲ್ಲು, ಗಂಟೆ, ಎಲ್ಲ ಒಂದೇ ತಾಯಿಯ ಮಕ್ಕಳು. ಒಂದು ಮಾತ್ರ ಹೊರಗಿನದು, ಮುಂದಿನ ಗಾಲಿಯನ್ನು ಎರಡು ಕಡೆಯಿಂದ ಹಿಡಿದುಕೊಳ್ಳುವ ಫೋರ್ಕು. ರಾಣೇಬೆನ್ನೂರಿನ ತಮ್ಮ ಅಂಗಡಿಯಲ್ಲಿ ಸೈಕಲ್ಲು ಇಳಿಸಿಕೊಂಡ ದಿನವೇ ಚಾಚಾ ಅದನ್ನು ಹೇಳಿದರು. ಅವರ ಬಾಯಲ್ಲಿ ಫೋರ್ಕು ಎಂದರೆ ಚಿಮಟ.

"ಈ ಚಿಮಟ ದೇಸೀದು ಸರ. ಆಮ್ಯಾಲೆ ಯಾರೋ ಹಾಕ್ಯಾರ. ಆದ್ರ ಗಟ್ಟಿ ಐತಿ. ಮೂರ ಚೀಲ ಮೆಣಸಿನಕಾಯಿ ಹೇರಿದ್ರೂ ಜಗ್ಗಂಗಿಲ್ಲ. ಇರಲಿ ಬಿಡ್ರಿ."

"ವಿಲಾಯತಿ ಸೈಕಲ್ಲಿಗೆ ದೇಸಿ ಚಿಮಟ ಏನ್ ಚಂದ ಚಾಚಾ?"

"ನನ್ನ ಬಾಯಾಗ ಎರಡು ಹಲ್ಲ ಡಾಕ್ಟರ್ ಹಾಕಿದ್ದು. ರೊಟ್ಟಿ ತಿನ್ನಾಕತ್ತೇನಿಲ್ಲೋ?"

ನಾನು ಕೇಳಲಿಲ್ಲ. ಐದು ತಿಂಗಳ ರಿಪೇರಿ ಮುಗಿಯುತ್ತ ಬಂದಾಗ ಅಕ್ಕಾರಿಗೆ ಫೋನ್ ಮಾಡಿದೆ. ಹಳೆಯ ಚಿಮಟ ಮನೆಯಲ್ಲಿ ಎಲ್ಲಾದರೂ ಉಳಿದಿರಬಹುದೇ ಎಂದೆ. "ನಮ್ಮಪ್ಪ ಕಬ್ಬಿಣದ ಮೊಳೀನೂ ಒಗದಾಂವ ಅಲ್ಲ. ಅಟ್ಟದ ಮ್ಯಾಲೆ ಹತ್ತಿ ನೋಡ್ರಿ, ಏನ್ ಬೇಕಾದ್ದ ಒಯ್ರಿ" ಎಂದರು. ಮರುದಿನವೇ ಹೋದೆ. ಆ ದಿನವೂ ಅವರ ಕೈ ಮೆಣಸಿನಕಾಯಿಯಲ್ಲಿತ್ತು. ಏಳಲಿಲ್ಲ. ಗದ್ದ ಎತ್ತಿ ಏಣಿ ತೋರಿಸಿದರು.

ಅಟ್ಟದ ಮೇಲೆ, ಗೋಡೆಯ ಗೂಟಕ್ಕೆ ನೇತುಹಾಕಿದ್ದ ಚಿಮಟ ಸಿಕ್ಕಿತು. ಹ್ಯಾಂಡಲ್ಲನ್ನು ಕೂರಿಸುವ ಕೊಳವೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿ ಟಾರ್ಚು ಹಿಡಿದೆ. ಅದೇ ಐದಂಕಿ. ಸೀಟಿನ ಕೆಳಗಿದ್ದ ಅದೇ ನಂಬರು. ಅಟ್ಟದ ಮೇಲೆ ಒಬ್ಬನೇ ಕೂತು ನಕ್ಕೆ.

ಆ ಕೊಳವೆ ಎರಡು ಕಾಲುಗಳಾಗಿ ಕವಲೊಡೆಯುವ ಕುತ್ತಿಗೆಯ ಸುತ್ತ ನಾಲ್ಕು ಬೆರಳ ಅಗಲದ ಸುಣ್ಣದ ಪಟ್ಟಿ ಇತ್ತು. ಅಟ್ಟದ ಗೋಡೆಗೂ ಸುಣ್ಣವೇ. ಹಬ್ಬಕ್ಕೆ ಗೋಡೆ ಬಳಿಯುವಾಗ ಸಿಡಿದದ್ದು ಅಂದುಕೊಂಡೆ. ಸಿಡಿದ ಸುಣ್ಣ ಚುಕ್ಕಿ ಚುಕ್ಕಿಯಾಗಿರುತ್ತದೆ, ಹೀಗೆ ಪಟ್ಟಿಯಾಗಿ ಸುತ್ತಿಕೊಂಡಿರುವುದಿಲ್ಲ ಎಂದು ಆಗ ಹೊಳೆಯಲಿಲ್ಲ. ಚಿಮಟವನ್ನು ಗೋಣಿಚೀಲದಲ್ಲಿ ಸುತ್ತಿ ಕೆಳಗೆ ತಂದೆ.

"ಸಿಕ್ತೇನ್ರಿ?" ಅಕ್ಕಾರು ತಲೆ ಎತ್ತದೆ ಕೇಳಿದರು.

"ಸಿಕ್ತ್ರಿ ಅಕ್ಕಾರ."

"ಚಲೋ ಆತು. ಇನ್ನ ಸೀನೂಕಿಂತ ಮೊದಲ ಹೋಗ್ರಿ."

ಅವರು ಚೀಲದೊಳಗೆ ನೋಡಲಿಲ್ಲ. ನಾನು ತೋರಿಸಲೂ ಇಲ್ಲ.

ಚಾಚಾರ ಅಂಗಡಿಗೆ ಸಾಮಾನು ಒಯ್ಯುವವರಿಗೆ ಒಂದು ಕಟ್ಟಳೆ ಇದೆ. ತಂದದ್ದನ್ನು ಸಿಕ್ಕ ಹಾಗೇ ತರಬೇಕು, ತೊಳೆಯಬಾರದು. "ಹೊಲಸ ನನಗ ಬೇಕ್ರಿ. ಹೊಲಸ ಮಾತಾಡತೈತಿ" ಎನ್ನುತ್ತಾರೆ. ಎಲ್ಲಿ ಎಣ್ಣೆ ಕಪ್ಪಾಗಿದೆ, ಎಲ್ಲಿ ಧೂಳು ಗೆರೆಯಾಗಿ ಕೂತಿದೆ, ಎಲ್ಲಿ ತುಕ್ಕು ಕೆಂಪಗೆ ಸೋರಿದೆ ಎಂಬುದರಿಂದ ಅವರು ಕಬ್ಬಿಣದ ಕಾಯಿಲೆ ಓದುತ್ತಾರೆ. ಏಳು ವರ್ಷದಲ್ಲಿ ನಾನು ಈ ಮಾತನ್ನು ಮೀರಿದ್ದು ಒಂದೇ ಸಲ. ಚಿಮಟ ತಂದ ದಿನ ಸಂಜೆ ಗೆಳೆಯರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕುವ ಆಸೆ. ಹಿತ್ತಲಲ್ಲಿ ಕೂತು ಸೀಮೆಎಣ್ಣೆ ಹಾಕಿ, ತಂತಿಬ್ರಷ್ಷಿನಿಂದ ಉಜ್ಜಿ ತೊಳೆದೆ. ಸುಣ್ಣ ಹೋಯಿತು. ಸುಣ್ಣ ತಿಂದ ಜಾಗದಲ್ಲಿ ಬಣ್ಣ ಮಂಕಾಗಿತ್ತು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿರಲಿಲ್ಲ. ಅಲ್ಲಿಗೆ ಕಪ್ಪು ಬಣ್ಣದ ಒಂದು ಕೈ ಎಳೆದೆ. ಮೂವತ್ತು ಮಂದಿ ಹೆಬ್ಬೆರಳು ಎತ್ತಿದರು.

ಚಾಚಾ ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ಮೂಸಿ ನೋಡಿದರು.

"ತೊಳದೀರೇನು?"

"ಸ್ವಲ್ಪ ಒರಸೇನಿ ಅಷ್ಟ."

ಅವರು ಮತ್ತೊಮ್ಮೆ ಮೂಸಿದರು. ಚಿಮಟವನ್ನು ಹುರಿಯಿಂದ ತೂಗುಬಿಟ್ಟು, ನಟ್ಟು ತಿರುಗಿಸುವ ಸಣ್ಣ ಪಾನಾದಿಂದ ಬಡಿದು, ಕಿವಿ ಹತ್ತಿರ ಒಯ್ದರು. ಒಂದು ಕಾಲಿಗೆ ಬಡಿದರು, ಇನ್ನೊಂದಕ್ಕೆ ಬಡಿದರು, ಕೊಳವೆಗೆ ಬಡಿದರು. ಮತ್ತೊಮ್ಮೆ ಕೊಳವೆಗೆ.

"ಮಂದ ಬಡೀತೈತಿ ಸರ."

ಆಗ ನಾನು ಮಾಡಿದ್ದು ಪಾಠ. ಆ ಕಾಲದ ಉಕ್ಕೇ ಬೇರೆ, ಅದರ ನಾದವೇ ಬೇರೆ, ಕೊಳವೆಯೊಳಗೆ ಹಳೆಯ ಗ್ರೀಸು ಗಟ್ಟಿಯಾಗಿರಬೇಕು, ಇತ್ಯಾದಿ. ತರಗತಿಯಲ್ಲಿ ನಲವತ್ತು ಮಂದಿಯ ಬಾಯಿ ಮುಚ್ಚಿಸುವ ದನಿಯಲ್ಲಿ ಹೇಳಿದೆ. ಹಾವೇರಿಯಲ್ಲಿ ಹಳೆಯ ಸೈಕಲ್ಲಿನವರು ಭಾನುವಾರ ಸೇರುವವರಿದ್ದರು. ಅಷ್ಟರೊಳಗೆ ಸೈಕಲ್ಲು ಬೇಕಾಗಿತ್ತು. ಚಾಚಾ ಇನ್ನೊಮ್ಮೆ ಬಡಿದು, ಪಾನಾ ಕೆಳಗಿಟ್ಟರು.

"ಕಲ್ತವ್ರು ನೀವು. ಇರಬಹುದು."

ಇನ್ನೊಂದು ಅವರ ಪದ್ಧತಿ, ರಿಪೇರಿಯಾದ ಸೈಕಲ್ಲಿನ ಮೊದಲ ಸವಾರಿ ಮಿಸ್ತ್ರಿಯದೇ. ಗಿರಾಕಿ ಎಷ್ಟೇ ದೊಡ್ಡವನಿರಲಿ, ಎಷ್ಟೇ ಅವಸರದಲ್ಲಿರಲಿ, ಚಾಚಾ ಹತ್ತಿ ಎರಡು ಮೈಲಿ ಹೋಗಿ ಬರುವವರೆಗೆ ಪೆಡಲ್ಲಿಗೆ ಕಾಲು ಹಾಕುವಂತಿಲ್ಲ. ಬೀಳುವುದಿದ್ದರೆ ಕಟ್ಟಿದವನು ಬೀಳಲಿ ಎನ್ನುತ್ತಿದ್ದರು. ಶನಿವಾರ ಬೆಳಿಗ್ಗೆ ಟೋಪಿ ಸರಿಮಾಡಿಕೊಂಡು ಹೊರಟರು. ಫೋಟೋ ಹುಚ್ಚಿನ ನಾನು ಹಿಂದೆ ಹೋದೆ.

ಟ್ರ್ಯಾಕ್ಟರಿನವನು ಕೆಳಗೆ ಹಾರಿ ಮೊದಲು ಬೈದ. "ಏ ಅಜ್ಜಾ, ಸಾಯಾಕ ನನ್ನ ಗಾಡೀನ ಸಿಕ್ತೇನು!" ಎಂದವನು ರಕ್ತ ನೋಡಿದ ಕೂಡಲೇ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಚಾಚಾರ ಹಣೆಗೆ ಒತ್ತಿ ಹಿಡಿದ. ನಾನು ಆಗ ಏನು ಮಾಡುತ್ತಿದ್ದೆನೆಂದು ನೆನಪಿಲ್ಲ. ಒಂದು ಟೆಂಪೋ ನಿಲ್ಲಿಸಿ ಇಬ್ಬರೂ ಎತ್ತಿ ಮಲಗಿಸಿದೆವು. ಮುರಿದ ಚಿಮಟವನ್ನು, ಬಗ್ಗಿದ ಸೈಕಲ್ಲನ್ನು ಆ ಡ್ರೈವರೇ ಹಿಂದಿನಿಂದ ಅಂಗಡಿಗೆ ಮುಟ್ಟಿಸಿದನಂತೆ. ಅವನ ಊರು ಯಾವುದೆಂದು ಕೇಳಲೂ ನನಗೆ ತೋಚಲಿಲ್ಲ.

ಆಸ್ಪತ್ರೆಗೆ ಚಾಚಿ ಬರುವ ಹೊತ್ತಿಗೆ ಹಣೆಗೆ ಒಂಬತ್ತು ಹೊಲಿಗೆ ಬಿದ್ದಿದ್ದವು. ಬಲಗೈ ಮಣಿಕಟ್ಟಿನ ಎಲುಬು ಮುರಿದಿತ್ತು. ಚಾಚಾ ಕಣ್ಣು ತೆರೆದು ಕೇಳಿದ ಮೊದಲ ಮಾತು, "ಗಾಲಿ ಎಲ್ಲಿ ಹೋತು?"

ಚಾಚಿ ನಾನಿರುವಾಗ ಗಂಡನ ಜೊತೆ ಕನ್ನಡದಲ್ಲೇ ಜಗಳವಾಡುತ್ತಾರೆ, ಸಾಕ್ಷಿಗೆ ತಿಳಿಯಲಿ ಎಂದು. "ಗಾಲೀ ಚಿಂತಿ ಬಿಡ್ರಿ. ಈ ವಯಸ್ಸಿನ್ಯಾಗ ಸೈಕಲ್ ಹತ್ತೂವಾಗ ತಲಿ ಎಲ್ಲಿ ಹೋಗಿತ್ತು, ಅದನ್ನ ಹೇಳ್ರಿ."

ಮಧ್ಯಾಹ್ನ ಡಾಕ್ಟರು ತಲೆಯ ಸ್ಕ್ಯಾನು ನೋಡಿ, ಒಳಗೆ ಏನೂ ಆಗಿಲ್ಲ, ಎರಡು ದಿನ ಇಟ್ಟುಕೊಂಡು ಕಳಿಸುತ್ತೇವೆ ಎಂದರು. ನಾನು ಹೊರಗೆ ಬಂದು ಎಳನೀರಿನವನ ಪಕ್ಕದ ಕಟ್ಟೆಯ ಮೇಲೆ ಕೂತೆ. ಎಳನೀರಿನವನು ಕೇಳದೆಯೇ ಒಂದು ಕೊಚ್ಚಿ ಕೊಟ್ಟ. ಮುಖ ಹಾಗಿತ್ತೇನೋ. ಅಷ್ಟು ಸಿಹಿಯಾದ ನೀರನ್ನು ನಾನು ಮತ್ತೆ ಕುಡಿದಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮನೆಗೆ ಬಂದ ಮೂರನೆಯ ದಿನ ಚಾಚಾ ನನ್ನನ್ನು ಕರೆಸಿದರು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಲಗೈ ಪ್ಲಾಸ್ಟರಿನಲ್ಲಿ ಎದೆಗೆ ತೂಗಿತ್ತು. ನಾನು ಕೂರುವ ಮುಂಚೆಯೇ ಎಡಗೈ ಎತ್ತಿ ಹಣೆಗೆ ಮುಟ್ಟಿಸಿ, "ಮಾಫ್ ಮಾಡ್ರಿ ಸರ" ಎಂದರು.

"ಏನ್ ಚಾಚಾ ಇದು?"

"ಚಿಮಟದಾಗ ಬಿರುಕ ಇತ್ತು. ಇಲ್ಲಂದ್ರ ಹಂಗ ತುಂಡ ಆಗಂಗಿಲ್ಲ. ನನಗ ಕಾಣಲಿಲ್ಲ. ನೀವ ಹತ್ತಿದ್ರ? ನಿಮ್ಮ ಮನ್ಯಾಗಿನವ್ರಿಗೆ ನಾ ಏನ್ ಮಾರಿ ತೋರಸ್ತಿದ್ನಿ?" ಪ್ಲಾಸ್ಟರಿನ ಕೈ ನೋಡಿಕೊಂಡು ಹೇಳಿದರು. "ಬಿರುಕ ಕಾಣದ ಮಿಸ್ತ್ರಿ ಅಂಗಡಿ ತಗೀಬಾರದು. ಪ್ಲಾಸ್ಟರ್ ಬಿಚ್ಚೂತನಕ ಇರಲಿ. ಆಮ್ಯಾಲೆ ಪೇಟಿ ಮಿಸ್ತ್ರಿಗೋಳನ್ನ ಕರದು ಪಾನಾ, ಹತೋಡಿ ಎಲ್ಲಾ ಹಂಚಿಬಿಡ್ತೇನಿ."

ಐವತ್ತು ವರ್ಷದ ಅಂಗಡಿ. ಚಾಚಿ ಬಾಗಿಲಲ್ಲಿ ನಿಂತಿದ್ದರು. ಜಗಳಕ್ಕೆ ಬರಲಿಲ್ಲ.

"ಇನ್ನ ಮ್ಯಾಲೆ ಮನ್ಯಾಗ ಕುಂತು ಏನ್ ಮಾಡ್ತಾರ ಬೇಟಾ ಇವ್ರು?" ಎಂದು ನನ್ನನ್ನು ಕಳಿಸಲು ಬೀದಿಯವರೆಗೆ ಬಂದಾಗ ಕೇಳಿದರು. "ಕೈಯಾಗ ಪಾನಾ ಇಲ್ಲಂದ್ರ ಇವ್ರಿಗೆ ಊಟ ಸೇರಂಗಿಲ್ಲ. ವರ್ಷದಾಗ ಮುಗದ ಹೋಗ್ತಾರ."

ಅಂಗಡಿಯ ಮೂಲೆಯಲ್ಲಿದ್ದ ಮುರಿದ ಚಿಮಟವನ್ನು ನಾನು ಹಾವೇರಿಗೆ ಒಯ್ದೆ. ಒಡೆದ ಬಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಮುರಿದ ಕಬ್ಬಿಣವನ್ನು ಓದುವುದು ಚಾಚಾರಿಂದಲೇ ಕಲಿತದ್ದು. ಹೊಸದಾಗಿ ಮುರಿದ ಕಡೆ ಬೆಳ್ಳಗೆ ಹೊಳೆಯುತ್ತದೆ, ಹಳೆಯ ಬಿರುಕು ತುಕ್ಕು ಹಿಡಿದು ಕಂದಾಗಿರುತ್ತದೆ. ಇಲ್ಲಿ ಮುಕ್ಕಾಲು ಪಾಲು ಕಂದು. ಬೆಳ್ಳಗೆ ಇದ್ದದ್ದು ಬಿದಿಗೆಯ ಚಂದ್ರನಷ್ಟು. ಆ ಚೂರೇ ಇಡೀ ಮನುಷ್ಯನನ್ನು ಇಳಿಜಾರಿನವರೆಗೆ ಹೊತ್ತುಕೊಂಡು ಹೋಗಿತ್ತು. ಆ ಕಂದು ಅಂಚಿನ ಹೊರಮೈಯಲ್ಲಿ ನಾನು ಎಳೆದ ಕಪ್ಪು ಬಣ್ಣ ಹೊಚ್ಚಹೊಸದಾಗಿ ಕೂತಿತ್ತು.

ಆ ಮೇಲಿನ ದಿನಗಳಲ್ಲಿ ಕಣ್ಣು ಮುಚ್ಚಿದರೆ ಟೋಪಿ ಕಾಣುತ್ತಿತ್ತು. ನಿದ್ದೆ ಹತ್ತುವುದು, ಹದಿನೇಳನೆಯ ಸೆಕೆಂಡಿಗೆ ಎಚ್ಚರವಾಗುವುದು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಮುಂದಿನ ಭಾನುವಾರ ಬ್ಯಾಡಗಿಗೆ ಹೋದೆ. ಹಳೆಯ ಬಿರುಕು ಅಷ್ಟು ದೊಡ್ಡದಿದ್ದರೆ ಆ ಮನೆಯವರಿಗೆ ಗೊತ್ತಿರಲೇಬೇಕು ಅನಿಸಿತ್ತು. ಅಕ್ಕಾರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ತೊಟ್ಟು ಮುರಿಯುವುದನ್ನು ನಿಲ್ಲಿಸಿ ನನ್ನನ್ನು ದಿಟ್ಟಿಸಿದರು.

"ಆ ಚಿಮಟ ಹಾಕಿದ್ರಿ? ಸುಣ್ಣ ಹಚ್ಚಿದ್ದು?"

"ಸುಣ್ಣ ಇತ್ರಿ. ಗ್ವಾಡಿದು ಸಿಡದೈತಿ ಅಂತ ತಿಳಕೊಂಡೆ."

"ಅಯ್ಯ ನನ್ನಪ್ಪ! ಮುರದದ್ದಕ್ಕ, ಒಡದದ್ದಕ್ಕ ಸುಣ್ಣ ಹಚ್ಚಿ ಇಡೂದು ಗೊತ್ತಿಲ್ಲೇನ್ರಿ ನಿಮಗ? ನಮ್ಮಪ್ಪಂದು ಅದ ಪದ್ಧತಿ. ಒಗ್ಯಾಕ ಮನಸ್ಸಿಲ್ಲ, ಯಾರರ ತಿಳೀದ ಬಳಸ್ತಾರನ್ನೂ ಅಂಜಿಕಿ. ಕಾಲ ಮುರದ ಕುರ್ಚಿ, ಸೀಳಿದ ಬಾವಿ ಗಡಗಡಿ, ಎಲ್ಲಾದಕ್ಕೂ ಸುಣ್ಣ. ಸುಣ್ಣ ಕಂಡ್ರ ಕೈ ಹಚ್ಚಬಾರದು. ಆ ಚಿಮಟ ಬಿರುಕ ಬಿಟ್ಟು ನಮ್ಮಪ್ಪ ಪೇಟೆ ನಡಬರಕ ಬಿದ್ದು ಎರಡ ಹಲ್ಲ ಉದರಿಸಿಕೊಂಡಿದ್ದ. ಆಮ್ಯಾಲೆ ದೇಸಿ ಚಿಮಟ ಹಾಕಿಸಿದ." ಒಂದು ಮೆಣಸಿನಕಾಯಿ ಎತ್ತಿ ನನ್ನತ್ತ ಆಡಿಸಿದರು. "ಅಟ್ಟ ಹತ್ತೂವಾಗ ನನ್ನ ಒಂದ ಮಾತ ಕೇಳಿದ್ರ ಹೇಳತಿದ್ನಿಲ್ಲೋ? ನಾ ಏನ್, ಚಲೋದನ್ನ ತಗೋತೀರಿ ಅಂತ ತಿಳದಿದ್ನಿ."

ನಾನು ಹುಟ್ಟಿ ಬೆಳೆದದ್ದು ನೌಕರಿದಾರರ ಮನೆಯಲ್ಲಿ. ನಮ್ಮಲ್ಲಿ ಮುರಿದದ್ದು ಗುಜರಿಗೆ ಹೋಗುತ್ತಿತ್ತು, ಉಳಿದದ್ದೆಲ್ಲ ಗಟ್ಟಿ ಎಂದೇ ಅರ್ಥ. ಆದರೆ ಇದು ನೆಪ. ಚಾಚಾರಿಗೆ ಸುಣ್ಣ ಎಂದರೇನೆಂದು ಖಂಡಿತ ಗೊತ್ತಿರುತ್ತಿತ್ತು. ತೊಳೆಯದೆ ಒಯ್ದಿದ್ದರೆ ಗೋಣಿಚೀಲ ಬಿಚ್ಚಿದ ಕೂಡಲೇ ಅವರು ಅದನ್ನು ಪಕ್ಕಕ್ಕೆ ಇಡುತ್ತಿದ್ದರು. ಒಬ್ಬ ಮನುಷ್ಯ ಬರೆದಿಟ್ಟು ಹೋದ ಎಚ್ಚರಿಕೆಯನ್ನು ನಾನು ಸೀಮೆಎಣ್ಣೆ ಹಾಕಿ ಅಳಿಸಿದ್ದೆ. ಮೇಲೆ ಬಣ್ಣವನ್ನೂ ಬಳಿದಿದ್ದೆ.

ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಹೋಗುವ ಬಸ್ಸಿನಲ್ಲಿ, ಹೇಳದೆ ಇರುವುದಕ್ಕೆ ಎಷ್ಟು ಕಾರಣಗಳಿವೆ ಎಂದು ಎಣಿಸಿದೆ. ಬಹಳ ಇದ್ದವು. ಹೇಳಿದರೆ ಆ ಮನೆಯ ಬಾಗಿಲು ನನಗೆ ಮುಚ್ಚಬಹುದು. ಹೇಳದಿದ್ದರೆ ಚಾಚಾರ ಅಂಗಡಿಯ ಬಾಗಿಲು ಮುಚ್ಚುತ್ತದೆ. ಬಸ್ಸು ನಿಂತಾಗ ಇಳಿದು, ನೇರ ಅವರ ಮನೆಗೆ ನಡೆದೆ. ನಿಂತುಕೊಂಡೇ ಹೇಳಿದೆ, ಸುಣ್ಣ, ಸೀಮೆಎಣ್ಣೆ, ಬ್ರಷ್ಷು, ಕಪ್ಪು ಬಣ್ಣ, "ಸ್ವಲ್ಪ ಒರಸೇನಿ" ಎಂಬ ಸುಳ್ಳು, ಎಲ್ಲ.

ಚಾಚಾ ಕೇಳಿದ್ದು ನಾನು ನಿರೀಕ್ಷಿಸದ ಪ್ರಶ್ನೆ.

"ಸುಣ್ಣ ಎಲ್ಲಿ ಇತ್ತು? ಖರೇ ಜಾಗಾ ಹೇಳ್ರಿ."

"ಕುತ್ತಿಗಿ ಸುತ್ತ. ನಾಕ ಬೆರಳ."

"ಕೊಳವೀ ಬುಡಕ್ಕ?"

"ಹೌದ್ರಿ."

"ನಾ ಎಲ್ಲಿ ಬಡದು ಮಂದ ಐತಿ ಅಂದೆ?"

"ಅಲ್ಲೇ."

ಅವರು ದಿಂಬು ಬಿಟ್ಟು ನೆಟ್ಟಗೆ ಕೂತರು. "ಕೇಳಿದೇನ?" ಎಂದು ಒಳಗೆ ಕೂಗಿದರು. "ಏ, ಹೊರಗ ಬಾ ಇಲ್ಲೆ! ನನ್ನ ಕಿವಿ ಖರೇನ ಹೇಳಿತ್ತು! ಮಂದ ಬಡೀತೈತಿ ಅಂತ ಅಂದಿದ್ನಿ ನಾ, ಇವ್ರಿಗೆ ಕೇಳು! ಬಡದ ಕೂಡಲೇ ಅಂದಿದ್ನಿ!"

ಚಾಚಿ ಹಿಟ್ಟಿನ ಕೈಯಲ್ಲೇ ಬಂದರು. ಚಾಚಾ ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ಸಿಟ್ಟೂ ಇತ್ತು, ಹಬ್ಬವೂ ಇತ್ತು. ಎರಡರಲ್ಲಿ ಯಾವುದಕ್ಕೆ ಮೊದಲು ಬಾಯಿ ಕೊಡುವುದೆಂದು ಅವರಿಗೇ ತಿಳಿಯಲಿಲ್ಲ.

"ನೀವು ಕಾಲೇಜಿನ್ಯಾಗ ಹುಡುಗ್ರಿಗೆ ಏನ್ ಕಲಸ್ತೀರಿ ಮಾಸ್ತರ? ಪಾಟಿ ಮ್ಯಾಲೆ ಬರದದ್ದನ್ನ ಓದೂಕಿಂತ ಮೊದಲ ಒರಸರಿ ಅಂತೇನು? ಹೊಲಸ ಮಾತಾಡತೈತಿ ಅಂತ ಏಳ ವರ್ಷ ಬಡಕೊಂಡೇನಿ. ಅದು ಮಾತಾಡಾಕತ್ತಿತ್ತು, ನೀವು ಅದರ ಬಾಯಾಗ ಅರಬಿ ಚಿಂದಿ ತುರುಕೀರಿ!"

ಚಾಚಿ ಎಲೆ ಅಡಿಕೆ ಡಬ್ಬಿ ತೆರೆದು, ಸುಣ್ಣದಲ್ಲಿ ಬೆರಳು ಅದ್ದಿ, ನನ್ನ ಅಂಗಿಯ ತೋಳಿನ ಮೇಲೆ ಒಂದು ಗೀಟು ಎಳೆದರು. "ಇವತ್ತಿನ ಮಟ್ಟಿಗೆ ಇದೂ ಕೆಲಸಕ್ಕ ಬರಂಗಿಲ್ಲ" ಎಂದರು. ಚಾಚಾ ನಗಲು ಹೋಗಿ ಮಣಿಕಟ್ಟು ನೋಯಿಸಿಕೊಂಡು "ಹಾಯ್ ಅಲ್ಲಾ" ಎಂದರು. ಆಮೇಲೆ ಮೂವರೂ ಚಹಾ ಕುಡಿದೆವು. ನನ್ನ ಚಹಾಕ್ಕೆ ಚಾಚಿ ಸಕ್ಕರೆ ಹಾಕಿರಲಿಲ್ಲ. ಮರೆತದ್ದಲ್ಲ ಎಂದು ಗೊತ್ತಾಯಿತು, ಸುಮ್ಮನೆ ಕುಡಿದೆ.

ಆದರೂ ಪಾನಾ ಹತೋಡಿ ಹಂಚುವ ಮಾತು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ನೋಡೂಣು" ಎಂದಷ್ಟೇ ಅಂದರು. ಕಿವಿ ಸರಿ ಇದೆ ಎಂದು ತಿಳಿಯುವುದು ಬೇರೆ, ಆ ಕಿವಿಯನ್ನು ನಂಬಿ ಇನ್ನೊಬ್ಬರನ್ನು ಸೈಕಲ್ಲಿಗೆ ಹತ್ತಿಸುವುದು ಬೇರೆ. ಪ್ಲಾಸ್ಟರ್ ಬಿಚ್ಚುವವರೆಗೆ ನಾನು ಪ್ರತಿ ಭಾನುವಾರ ಹೋದೆ. ಚಾಚಾ ಎಡಗೈಯಲ್ಲಿ ತೋರಿಸಿದಂತೆ, ಬಗ್ಗಿದ ಸೈಕಲ್ಲನ್ನು ನಾನು ಬಿಚ್ಚಿದೆ. ಹಿಂದೆ ತೆಗೆದು ಮೂಲೆಗೆ ಒರಗಿಸಿದ್ದ ದೇಸಿ ಚಿಮಟಕ್ಕೆ ಕೈ ಹಚ್ಚಬೇಡಿ ಎಂದರು. ಅದರ ಅರ್ಥ ತಾವೇ ಕೂರಿಸುತ್ತಾರೆಂದೋ, ಯಾರೂ ಕೂರಿಸುವುದಿಲ್ಲವೆಂದೋ, ಕೇಳುವ ಧೈರ್ಯವಾಗಲಿಲ್ಲ.

ಪ್ಲಾಸ್ಟರ್ ಬಿಚ್ಚಿ ಇಪ್ಪತ್ತು ದಿನಕ್ಕೆ ಫೋನ್ ಬಂತು. "ಬರ್ರಿ. ಲಗೂ ಬರ್ರಿ."

ಹೋದಾಗ ಸೈಕಲ್ಲು ಅಂಗಡಿಯ ಮುಂದೆ ನಿಂತಿತ್ತು. ದೇಸಿ ಚಿಮಟ, ದಪ್ಪ ಹೆಗಲು, ಸ್ವಲ್ಪವೂ ಹೊಂದದ ಬಣ್ಣ. ಚಾಚಾರ ಬಲಗೈ ಇನ್ನೂ ತೆಳ್ಳಗಿತ್ತು, ಮುಷ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ. ಅಂಗಡಿಯ ಒಳಗೆ ಸ್ಟೂಲಿನ ಮೇಲೆ ಚಾಚಿ ಕಾವಲು ಕೂತಿದ್ದರು, ಗಂಡ ಸೈಕಲ್ಲು ಹತ್ತದಿರಲಿ ಎಂದು.

ಚಾಚಾ ನನ್ನ ಮುಂದೆಯೇ ಕೆಳಗೆ ಕೂತು ಬಡಿಯಲು ಶುರು ಮಾಡಿದರು. ಎಡ ಕಾಲು, ಬಲ ಕಾಲು, ಕುತ್ತಿಗೆ. ಒಂದೊಂದಕ್ಕೂ ಕಣ್ಣು ಮುಚ್ಚಿದರು. ಕುತ್ತಿಗೆಗೆ ಮೂರು ಸಲ ಬಡಿದರು. ಆಮೇಲೆ ಎದ್ದು, ಹ್ಯಾಂಡಲ್ಲನ್ನು ನನ್ನ ಕಡೆ ತಿರುಗಿಸಿದರು.

"ಹತ್ರಿ."

"ಮೊದಲ ಸವಾರಿ ನಿಮ್ಮದಲ್ಲೇನು ಚಾಚಾ?"

"ಈಕಿ ಬಿಡಂಗಿಲ್ಲ" ಎಂದು ಹೆಂಡತಿಯತ್ತ ತೋರಿಸಿದರು. ಆಮೇಲೆ ದನಿ ತಗ್ಗಿಸಿ, "ನನ್ನ ಕಿವಿ ಹೂಂ ಅಂದೈತಿ. ಸಾಕು. ಆ ಇಳುಕಲದಾಗ ಹೋಗಿ ಬರ್ರಿ" ಎಂದರು.

ಐವತ್ತು ವರ್ಷದಲ್ಲಿ ಅವರು ಯಾರಿಗೂ ಹೇಳದ ಮಾತು ಅದು. ಬೇಡ ಅಂದರೆ ಅವರ ಕಿವಿಯನ್ನು ನಂಬಲಿಲ್ಲ ಎಂದಾಗುತ್ತದೆ. ಹತ್ತಿದೆ.

ಊರು ದಾಟಿ ಇಳಿಜಾರಿನ ನೆತ್ತಿಗೆ ಬಂದಾಗ ಎದುರಿಗೆ ಯಾರೂ ಇರಲಿಲ್ಲ. ಒಂದು ಎಮ್ಮೆ ಮಾತ್ರ ರಸ್ತೆ ದಾಟಲೋ ಬೇಡವೋ ಎಂದು ಯೋಚಿಸುತ್ತಿತ್ತು. ಪೆಡಲ್ಲು ನಿಲ್ಲಿಸಿ ಸೈಕಲ್ಲನ್ನು ತಾನಾಗಿ ಇಳಿಯಲು ಬಿಟ್ಟೆ. ಸೆಕೆಂಡು ಎಣಿಸಿದೆ. ಹದಿನಾರು. ಹದಿನೇಳು. ಹದಿನೆಂಟು. ಗಾಳಿ ಕಿವಿಯಲ್ಲಿ ತುಂಬಿತು. ಇಪ್ಪತ್ತು ದಾಟಿದ ಮೇಲೆ ಎಣಿಕೆ ತಪ್ಪಿತು. ಕೆಳಗೆ ತಲುಪಿ ಬ್ರೇಕು ಹಿಡಿದು, ಸೈಕಲ್ಲಿನ ಮೇಲೆಯೇ ಒಂದು ಕಾಲೂರಿ ನಿಂತು, ಜೋರಾಗಿ ಉಸಿರು ಬಿಟ್ಟೆ. ಎಮ್ಮೆ ದಾಟಿತು.

ತಿರುಗಿ ಬಂದಾಗ ಚಾಚಾ ಅಂಗಡಿಯ ಹೊರಗೆ, ನಡುರಸ್ತೆಯಲ್ಲಿ ನಿಂತಿದ್ದರು. ಹಿಂದಿನಿಂದ ಆಟೋದವನು ಹಾರ್ನು ಹೊಡೆಯುತ್ತಿದ್ದ, ಸರಿಯಲಿಲ್ಲ. ನಾನು ಇಳಿದ ಮೇಲೆ ಸೈಕಲ್ಲಿನ ಕುತ್ತಿಗೆಯನ್ನು ಒಮ್ಮೆ ಸವರಿ ನೋಡಿದರು, ನನ್ನನ್ನೂ ಮೇಲಿಂದ ಕೆಳಗೆ ನೋಡಿದರು. "ಹೂಂ" ಎಂದರು. ಒಳಗೆ ಹೋಗಿ, ಬಾಗಿಲ ಬಳಿ ಎರಡು ತಿಂಗಳಿಂದ ಕಾದು ನಿಂತಿದ್ದ ಯಾರದೋ ಪಂಕ್ಚರಾದ ಸೈಕಲ್ಲನ್ನು ಎಡಗೈಯಿಂದ ತಲೆಕೆಳಗು ಮಾಡಿ ನಿಲ್ಲಿಸಿದರು. ಚಾಚಿ ಸ್ಟೂಲಿನಿಂದ ಎದ್ದು, ಇನ್ನು ಕಾವಲು ಬೇಕಿಲ್ಲ ಎಂಬಂತೆ ಸೆರಗು ಸರಿಮಾಡಿಕೊಂಡು ಮನೆಗೆ ನಡೆದರು.

ಆ ದಿನ ಹಾವೇರಿಗೆ ಬಂದು ಊಟ ಮಾಡಿ ಒಂಬತ್ತೂವರೆಗೆ ಮಲಗಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಏರಿತ್ತು. ಹೆಂಡತಿ ಹಣೆ ಮುಟ್ಟಿ, ಜ್ವರವೇನಾದರೂ ಬಂದಿದೆಯೇ ಎಂದು ನೋಡುತ್ತಿದ್ದಳು. ನಡುವೆ ಒಮ್ಮೆಯೂ ಎದ್ದ ನೆನಪಿಲ್ಲ. ಗಂಟೆ ಎಂಟೂವರೆ. ಎಂಟು ಗಂಟೆಯ ತರಗತಿಗೆ ಕಾದಿದ್ದ ಮಕ್ಕಳು ಮೇಷ್ಟ್ರು ಬರಲಿಲ್ಲವೆಂದು ಆ ಹೊತ್ತಿಗೆ ಖುಷಿಯಿಂದ ಎದ್ದು ಹೋಗಿದ್ದರು.